ತೂಕ ಸರಿಹೋಯ್ತು, ಹಲ್ಲಿನ ಕಥೆ ಏನು? ಅನುಭವ ಇದ್ದವರು ಹೇಳಿ

ಪುಟ್ಟಿ_ಅಮ್ಮ: ಮಗಳಿಗೆ ಆರು ತುಂಬಿದೆ. ಎರಡು ವರ್ಷದ ತನಕ ತೀವ್ರ ಅಪೌಷ್ಟಿಕತೆ ಇತ್ತು, ಈಗ ಎತ್ತರ ತೂಕ ಎರಡೂ ಸರಿಯಾಗಿವೆ. ಹಾಲುಹಲ್ಲಲ್ಲಿ ನಾಲ್ಕು ಹುಳುಕು. ಹಿಂದೆ ಅರ್ಧ ಮೇಲೆ ಬಂದಿರೋ ಹೊಸ ದವಡೆಹಲ್ಲಿನ ಮೇಲೆ ಹಳದಿ ಮಚ್ಚೆ, ಸಣ್ಣ ಗುಳಿಗಳು. ಸೀಲೆಂಟ್ (ಹಲ್ಲಿನ ಗುಳಿ ಮುಚ್ಚೋ ಲೇಪ) ಹಾಕಿಸಲಾ, ಪೂರ್ತಿ ಬರೋ ತನಕ ಕಾಯಲಾ?

ಗುಳಿ_ಮುಚ್ಚುಗ: ಕಾಯಬೇಡಿ. ಆ ಹಲ್ಲು ಹುಟ್ಟೋದು ಆರಕ್ಕೆ, ಆದರೆ ಅದರ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಕಟ್ಟೋಕೆ ಶುರುವಾಗೋದು ಹೆರಿಗೆಯ ಆಸುಪಾಸಲ್ಲಿ, ಮುಗಿಯೋದು ಎರಡೂವರೆ–ಮೂರು ವರ್ಷಕ್ಕೆ. ಕಟ್ಟೋ ಜೀವಕೋಶಗಳು ಕೆಲಸ ಮುಗಿಸಿ ಸತ್ತುಹೋಗ್ತವೆ. ಮೂಳೆ ಆಮೇಲೂ ರಿಪೇರಿ ಆಗುತ್ತೆ, ಎನಾಮಲ್ ಆಗಲ್ಲ, ತೂಕ ಎಷ್ಟೇ ಏರಿದರೂ ಆ ಗುಳಿ ಗುಳಿಯೇ.

ಈಗಲೇ ರೆಸಿನ್ (ಪ್ಲಾಸ್ಟಿಕ್ ತರಹದ) ಸೀಲೆಂಟ್ ಹಾಕ್ತೀನಿ ಅಂದರೆ ಮಾತ್ರ ಒಪ್ಪಬೇಡಿ. ಹಲ್ಲಿನ ಹಿಂಭಾಗದಲ್ಲಿ ವಸಡಿನ ಮಡಿಕೆ ಇನ್ನೂ ಕೂತಿರುತ್ತೆ, ಅದರಡಿಯಿಂದ ಎಂಜಲು ಜಿನುಗ್ತಾನೇ ಇರುತ್ತೆ. ರೆಸಿನ್ ಅಂಟೋಕೆ ಆಸಿಡ್ 15–30 ಸೆಕೆಂಡ್ ಇಟ್ಟು, ತೊಳೆದು, ಗಾಳಿ ಬಿಟ್ಟಾಗ ಹಲ್ಲು ಸೀಮೆಸುಣ್ಣದ ಹಾಗೆ ಬೆಳ್ಳಗೆ ಕಾಣಬೇಕು. ಆಮೇಲೆ ಒಂದು ಹನಿ ಎಂಜಲು ತಾಗಿದರೂ ಮತ್ತೆ ಮೊದಲಿಂದ. ಇದಕ್ಕೇ ಮೊದಲು ಗ್ಲಾಸ್ ಐಯೊನೊಮರ್, ಅದೊಂದು ಬಗೆಯ ಹಲ್ಲಿನ ಸಿಮೆಂಟ್. ತುಸು ತೇವ ಇದ್ದರೂ ಅಂಟುತ್ತೆ, ಫ್ಲೋರೈಡ್ ಬಿಡುತ್ತೆ. ಉದುರುತ್ತೆ, ಸುಳ್ಳು ಹೇಳಲ್ಲ. ಮೂರು ತಿಂಗಳಿಗೊಮ್ಮೆ ನೋಡಿಸಿ, ಹಲ್ಲು ಪೂರ್ತಿ ಬಂದಮೇಲೆ ರೆಸಿನ್.

ಉಕ್ಕಿನ_ಟೋಪಿ: ಉದುರುತ್ತೆ, ಹಾಕಿಸಿ, ಮತ್ತೆ ಉದುರುತ್ತೆ, ಮತ್ತೆ ಹಾಕಿಸಿ. ಎಷ್ಟು ಸಲ ಮಗೂನ ಕುರ್ಚಿ ಮೇಲೆ ಕೂರಿಸ್ತೀರಿ? ದುರ್ಬಲ ಎನಾಮಲ್‌ನಲ್ಲಿ ಕೈಕೊಡೋದು ಬರೀ ಫಿಲ್ಲಿಂಗ್ ಅಲ್ಲ, ಅದರ ಅಂಚಿನ ಹಲ್ಲೇ ಚೂರುಚೂರಾಗುತ್ತೆ. ಫಿಲ್ಲಿಂಗ್ ದೊಡ್ಡದಾಗ್ತಾ ಹೋಗುತ್ತೆ, ಹಲ್ಲು ಸಣ್ಣದಾಗ್ತಾ ಹೋಗುತ್ತೆ. ಉಕ್ಕಿನ ಕ್ಯಾಪ್ ಹಾಕಿಸಿ ಮುಗಿಸಿ. ಹಲ್ಲುಗಳ ನಡುವೆ ರಬ್ಬರ್ ಉಂಗುರ 3–5 ದಿನ, ಆಮೇಲೆ ಉಂಗುರ ತೆಗೆದು ಸಿಮೆಂಟ್ ತುಂಬಿದ ಕ್ಯಾಪ್ ಒತ್ತಿ ಕೂರಿಸೋದು. ಕೊರೆಯೋದಿಲ್ಲ, ಸೂಜಿ ಇಲ್ಲ. ಕಚ್ಚಿದರೆ ಎತ್ತರ ಅನ್ನಿಸುತ್ತೆ, ಕೆಲವು ವಾರದಲ್ಲಿ ತಾನೇ ಹೊಂದಿಕೊಳ್ಳುತ್ತೆ.

ಗುಳಿ_ಮುಚ್ಚುಗ: ಸ್ವಾಮಿ, ನೀವು ಹೇಳಿದ್ದು ಹಾಲುಹಲ್ಲಿನ ವಿದ್ಯೆ. ಆ ನಾಲ್ಕು ಹುಳುಕಿಗೆ ಆಗಬಹುದು, ಅದೂ ರಾತ್ರಿ ನೋವು, ಬಾವು ಇಲ್ಲದಿದ್ದರೆ ಮಾತ್ರ. ಅರ್ಧ ಹುಟ್ಟಿದ ಶಾಶ್ವತ ಹಲ್ಲಿಗೆ ಯಾವ ಟೋಪಿ ಹಾಕ್ತೀರಿ? ಅಂಚು ವಸಡಿನೊಳಗೇ ಇದೆ.

ಉಕ್ಕಿನ_ಟೋಪಿ: ತೀರಾ ಹಾಳಾದ ಶಾಶ್ವತ ದವಡೆಹಲ್ಲಿಗೂ ಉಕ್ಕಿನ ಕ್ಯಾಪ್ ಹಾಕ್ತಾರೆ. ಗೊತ್ತಿಲ್ಲದಿದ್ರೆ ಸುಮ್ಮನಿರಿ.

ಗುಳಿ_ಮುಚ್ಚುಗ: ಪೂರ್ತಿ ಹುಟ್ಟಿದ ಮೇಲೆ!

ಸಕ್ಕರೆ_ಲೆಕ್ಕ: ಇಬ್ಬರೂ ಸಿಮೆಂಟ್ ಗಲಾಟೆ ಬಿಡಿ. ಎರಡನೇ ಮಹಾಯುದ್ಧದಲ್ಲಿ ನಾರ್ವೆ, ಜಪಾನ್‌ನಲ್ಲಿ ಊಟಕ್ಕೇ ಪರದಾಟ, ಆದರೂ ಮಕ್ಕಳ ಹುಳುಕು ಇಳಿಯಿತು. ಸಕ್ಕರೆ ಸಿಗಲಿಲ್ಲ, ಅಷ್ಟೇ. ಅಪೌಷ್ಟಿಕತೆ ನೆಪ, ಸಿಹಿ ಸಿರಪ್, ರಾತ್ರಿಯ ಬಾಟಲಿ ಅಪರಾಧಿ.

ಎಂಜಲು_ಪರೀಕ್ಷಕ: ಅರ್ಧ ಸತ್ಯ. ಸಕ್ಕರೆ ಇಲ್ಲದೆ ಹುಳುಕಿಲ್ಲ, ಒಪ್ಪಿದೆ. ಆದರೆ ಅದೇ ಸಕ್ಕರೆ ಎಲ್ಲ ಹಲ್ಲನ್ನೂ ಒಂದೇ ಸಮ ಕೊರೆಯೋದಿಲ್ಲ. ಪೆರುವಿನ ಮಕ್ಕಳ ಅಧ್ಯಯನದಲ್ಲಿ, ಮೊದಲ ವರ್ಷದಲ್ಲಿ ಒಮ್ಮೆ ಸಾಧಾರಣ ಅಪೌಷ್ಟಿಕತೆ ಬಂದವರಿಗೂ ವರ್ಷಗಳ ನಂತರ ಹುಳುಕು ಹೆಚ್ಚು ಕಂಡಿತು. ಹೈಟಿಯಲ್ಲಿ ಎಳವೆಯಲ್ಲಿ ಬಡಕಲಾಗಿದ್ದವರಿಗೆ ಹದಿಹರೆಯದಲ್ಲೂ ಎಂಜಲು ಕಡಿಮೆ. ಸಕ್ಕರೆಯಿಂದ ಬಾಯಲ್ಲಿ ಹುಟ್ಟೋ ಆಮ್ಲವನ್ನು ತೊಳೆಯೋದು ಎಂಜಲು. ಬಾಯಿಯ ಪಿಎಚ್ (ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗೆ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದೇ ಲೆಕ್ಕ.

ಇನ್ನೊಂದು ಮೋಸ ಇದೆ. ಈ ಮಕ್ಕಳಿಗೆ ಹಲ್ಲು ತಡವಾಗಿ ಹುಟ್ಟುತ್ತೆ. ಒಂದೇ ವಯಸ್ಸಿನವರನ್ನು ಪಕ್ಕ ನಿಲ್ಲಿಸಿ ಎಣಿಸಿದರೆ ಇವರಲ್ಲೇ ಹುಳುಕು ಕಡಿಮೆ ಅನ್ನಿಸಬಹುದು, ಯಾಕಂದ್ರೆ ಕೆಡೋಕೆ ಹಲ್ಲೇ ಬಂದಿರಲ್ಲ.

ಸಕ್ಕರೆ_ಲೆಕ್ಕ: ಹಾಗಾದ್ರೆ ಸಕ್ಕರೆ ಕೊಡ್ತಾ ಇರಿ ಅಂತೀರಾ?

ಎಂಜಲು_ಪರೀಕ್ಷಕ: ಎಲ್ಲಿ ಹೇಳಿದೆ? ಓದಿ ಜಗಳಕ್ಕೆ ಬನ್ನಿ.

ಕಪ್ಪು_ಹನಿ: ನಾಲ್ಕು ಹಾಲುಹಲ್ಲಿಗೆ ಸಿಲ್ವರ್ ಡೈಅಮೀನ್ ಫ್ಲೋರೈಡ್ (ಹುಳುಕು ನಿಲ್ಲಿಸೋ, ಬೆಳ್ಳಿ ಇರೋ ಔಷಧಿ) ಯಾರೂ ಹೇಳಲಿಲ್ಲ. 38% ದ್ರಾವಣ. ಹತ್ತಿಯಿಂದ ಒಣಗಿಸಿ, ತುಟಿ ವಸಡಿಗೆ ವ್ಯಾಸಲೀನ್ ಹಚ್ಚಿ, ಒಂದು ಹನಿಯನ್ನು ಒಂದು ನಿಮಿಷ. ಆರು ತಿಂಗಳಿಗೆ ಮತ್ತೆ. ಹುಳುಕು ಕಲ್ಲಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತೆ, ಕಪ್ಪಗೂ ಆಗುತ್ತೆ. ಬೆಳ್ಳಿ ಅಲರ್ಜಿ ಇದ್ದರೆ ಬೇಡ.

ಉಕ್ಕಿನ_ಟೋಪಿ: ನಕ್ಕರೆ ಇದ್ದಿಲು ಕಂಡ ಹಾಗಿರುತ್ತೆ.

ಕಪ್ಪು_ಹನಿ: ನಿಮ್ಮ ಟೋಪಿ ಹಾಕಿದರೆ ಪಾತ್ರೆ ಅಂಗಡಿ ಕಾಣಲ್ವೇನೋ! ಹಿಂದಿನ ಹಲ್ಲು, ಯಾರು ಬಗ್ಗಿ ನೋಡ್ತಾರೆ?

ಪುಟ್ಟಿ_ಅಮ್ಮ: ಕ್ಷಮಿಸಿ, ಹೊಸ ಹಲ್ಲಿಗೆ ತಣ್ಣೀರು ತಾಗಿದರೂ ಜುಂ ಅಂತಾಳೆ, ಬ್ರಷ್ ಮುಟ್ಟಿಸೋಕೆ ಬಿಡಲ್ಲ. ಅದಕ್ಕೆ?

ಎಂಜಲು_ಪರೀಕ್ಷಕ: ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್. ಈ ಹಲ್ಲು ಪಕ್ಕದ್ದಕ್ಕಿಂತ ತಗ್ಗಿನಲ್ಲಿದೆ, ಉದ್ದಕ್ಕೆ ಉಜ್ಜಿದರೆ ಬ್ರಷ್ ಮೇಲಿಂದ ಹಾರಿಹೋಗುತ್ತೆ. ಕೆನ್ನೆ ಕಡೆಯಿಂದ ಅಡ್ಡಕ್ಕೆ ಇಟ್ಟು ಉಜ್ಜಿ. ಕನಿಷ್ಠ 1000 ಪಿಪಿಎಂ ಫ್ಲೋರೈಡ್ ಪೇಸ್ಟ್, ಬಟಾಣಿ ಕಾಳಿನಷ್ಟು. ಉಗುಳಿಸಿ, ಬಾಯಿ ಮುಕ್ಕಳಿಸಬೇಡಿ. ಮೂರ್ನಾಲ್ಕು ತಿಂಗಳಿಗೊಮ್ಮೆ ದಂತವೈದ್ಯರ ಹತ್ತಿರ 5% ಫ್ಲೋರೈಡ್ ವಾರ್ನಿಶ್ (ಹಲ್ಲಿಗೆ ಬಳಿಯೋ ಫ್ಲೋರೈಡ್ ಲೇಪ) ಹಚ್ಚಿಸಿ, ಜುಂ ಅನ್ನೋದೂ ಇಳಿಯುತ್ತೆ.

ಸಕ್ಕರೆ_ಲೆಕ್ಕ: ಮುಕ್ಕಳಿಸದೆ ಪೇಸ್ಟ್ ನುಂಗಿಸ್ತೀರಾ?

ಎಂಜಲು_ಪರೀಕ್ಷಕ: ಉಗುಳಿಸಿ ಅಂತ ಬರೆದಿದ್ದೀನಲ್ರೀ.