ಓದುಗರ ಸ್ಪಂದನ: ಅಮ್ಮನದು ಸೋಮಾರಿತನ ಅಲ್ಲ

ಕಳೆದ ವಾರದ ಸಮಸ್ಯೆ: ಅಮ್ಮನಿಗೆ ನಾಲ್ಕು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಈಚೆಗೆ ಊಟ ಬೇಡ, ಮಾತು ಬೇಡ. ‘ನಾನಿದ್ದು ಯಾರಿಗೇನು ಉಪಯೋಗ’ ಅನ್ನುತ್ತಾರೆ. ಮನೆಯವರು ಸೋಮಾರಿತನ ಅನ್ನುತ್ತಿದ್ದಾರೆ. ಏನು ಮಾಡಲಿ?

ತಂಗೀ, ನನಗೂ ಅದೇ ಕಾಯಿಲೆ. ಬೆಳಿಗ್ಗೆ ಬೆರಳು ಮಡಚಲು ಆಗುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸಲು ಮೊಮ್ಮಗನನ್ನು ಕೂಗಬೇಕಿತ್ತು. ಆದರೆ ನೋವಿಗಿಂತ ಜಾಸ್ತಿ ಕಾಡಿದ್ದು ಮಂಕು. ಎಲ್ಲರೂ ‘ಮನಸ್ಸು ಗಟ್ಟಿ ಮಾಡ್ಕೊ’ ಅನ್ನುತ್ತಿದ್ದರು. ಅದಕ್ಕೂ ಶಕ್ತಿ ಬೇಕಲ್ವಾ? ಕೀಲಿನ ಡಾಕ್ಟರಿಗೆ ಹೇಳಿದೆ, ಅವರೇ ಮನೋವೈದ್ಯರ ಹತ್ತಿರ ಕಳಿಸಿದರು. ನಿಮ್ಮ ಅಮ್ಮನನ್ನು ದಯವಿಟ್ಟು ಬೈಯಬೇಡಿ.
– ತಿಪಟೂರಿನ ಓದುಗಿ

ನಾನು ನರ್ಸ್. ಫ್ಲೂ ಜ್ವರ ಬಂದ ದಿನ ನೆನಪಿಸಿಕೊಳ್ಳಿ. ಊಟ ಸೇರಲ್ಲ, ಹೊದ್ದು ಮಲಗಿದರೆ ಸಾಕು ಅನ್ನಿಸುತ್ತೆ. ಸೋಂಕಿನ ವಿರುದ್ಧ ದೇಹ ಬಿಡುವ ಸಂದೇಶವಾಹಕ ಪ್ರೋಟೀನುಗಳಾದ ಸೈಟೊಕೈನ್‌ಗಳು ಮಿದುಳಿಗೂ ಸುದ್ದಿ ಮುಟ್ಟಿಸುತ್ತವೆ. ಜ್ವರ ವಾರದಲ್ಲಿ ಇಳಿಯುತ್ತೆ. ಸಂಧಿವಾತದಲ್ಲೂ ಇವೇ ಹೆಚ್ಚಾಗುತ್ತವೆ, ಆದರೆ ಅದರ ಉರಿಯೂತ (ಕೀಲಿನ ಊತ, ನೋವು) ತಿಂಗಳುಗಟ್ಟಲೆ ಆರುವುದಿಲ್ಲ. ಹಿಂದೆ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಸೋಂಕಿಗೆ, ಸೈಟೊಕೈನ್ ಜಾತಿಯದೇ ಆದ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದಾಗ, ಅಲ್ಲಿವರೆಗೆ ಚೆನ್ನಾಗಿದ್ದವರೂ ಎಷ್ಟೋ ಜನ ಖಿನ್ನತೆಗೆ ಬೀಳುತ್ತಿದ್ದರು. ಆತ್ಮಹತ್ಯೆಗೆ ಪ್ರಯತ್ನಿಸಿದವರ ಬೆನ್ನುಹುರಿಯ ದ್ರವದಲ್ಲಿ ಐಎಲ್-6 ಎಂಬ ಸೈಟೊಕೈನ್ ಜಾಸ್ತಿ ಇದ್ದದ್ದನ್ನು ಸ್ವೀಡನ್ನಿನ ಸಂಶೋಧಕರು 2009ರಲ್ಲಿ ವರದಿ ಮಾಡಿದರು. ಹಾಗಂತ ಉರಿಯೂತ ಇದ್ದವರೆಲ್ಲ ಆ ಯೋಚನೆಗೆ ಹೋಗುತ್ತಾರೆ ಅಂತಲ್ಲ. ಉರಿಯೂತ ಇಳಿಸಿದ ಕೂಡಲೇ ಎಲ್ಲರ ಖಿನ್ನತೆಯೂ ಹೋಗಲ್ಲ. 2013ರಲ್ಲಿ ಖಿನ್ನತೆ ಇದ್ದವರಿಗೆ ಉರಿಯೂತ ಇಳಿಸುವ ಔಷಧಿ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟು ನೋಡಿದಾಗ, ರಕ್ತದಲ್ಲಿ ಉರಿಯೂತದ ಗುರುತಾದ ಸಿಆರ್‌ಪಿ ಜಾಸ್ತಿ ಇದ್ದವರಲ್ಲಿ ಮಾತ್ರ ಅನುಕೂಲದ ಸೂಚನೆ ಕಂಡಿತು. ಅದಕ್ಕೇ ಕೀಲಿಗೂ ಮನಸ್ಸಿಗೂ ಎರಡೂ ಚಿಕಿತ್ಸೆ ಜೊತೆಜೊತೆಗೆ ಬೇಕು. ಅಮ್ಮ ಸ್ಟೀರಾಯ್ಡ್ ತಗೊಳ್ತಿದ್ದರೆ ಡಾಕ್ಟರಿಗೆ ಹೇಳಿ, ಅದರಿಂದಲೂ ಮನಸ್ಸು ಏರುಪೇರಾಗಬಹುದು. ನೀವಾಗಿಯೇ ನಿಲ್ಲಿಸಬೇಡಿ.
– ಹಾಸನದ ಓದುಗಿ

ನನಗೆ ವೈದ್ಯಕೀಯ ಗೊತ್ತಿಲ್ಲ. ಆದರೆ ‘ನಾನಿದ್ದು ಏನು ಉಪಯೋಗ’ ಅನ್ನೋ ಮಾತನ್ನು ಸುಮ್ನೆ ಬಿಡಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: ‘ಅಮ್ಮಾ, ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದ್ದಕ್ಕೆ ಆ ಯೋಚನೆ ಹೊಸದಾಗಿ ಹುಟ್ಟಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತ್ರೆ ಡಬ್ಬಿ ನಿಮ್ಮ ಹತ್ತಿರ ಇರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ. ನನ್ನ ಅಣ್ಣನನ್ನು ಹೀಗೆ ಕೇಳಿದಾಗ ನನ್ನ ಕೈ ನಡುಗುತ್ತಿತ್ತು. ಅವನು ತುಂಬಾ ಹೊತ್ತು ಅತ್ತ. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡ, ‘ನಡಿ, ಆಸ್ಪತ್ರೆಗೆ ಹೋಗೋಣ’ ಅಂದ.
– ಶಿರಸಿಯ ಓದುಗ