ಸೆಸ್ನಾ 172: ಮುಂದಿನ ಚಕ್ರ ಇಳಿದ ಕೂಡಲೇ ವಿಮಾನ ಎಡಬಲ ಎಳೆಯುತ್ತದೆ, ಯಾಕೆ?

ಪ್ರಶ್ನೆ (ಕೊಪ್ಪಳ)
172ಎಸ್, ಪೂರ್ತಿ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಹಲಗೆ), ಅಪ್ರೋಚ್ (ಇಳಿಯಲು ಬರುವಾಗಿನ) ವೇಗ 74 ನಾಟ್, ಎಡದಿಂದ ಅಡ್ಡಗಾಳಿ. ಹಿಂದಿನ ಚಕ್ರಗಳು ಚೆನ್ನಾಗಿಯೇ ಕೂರುತ್ತವೆ. ಮುಂದಿನದು ಇಳಿಯುತ್ತಲೇ ಬಲಕ್ಕೆ ಜಗ್ಗುತ್ತದೆ, ಸರಿಮಾಡಲು ಹೋದರೆ ಎಡಕ್ಕೆ ಓಡುತ್ತದೆ. ತಪ್ಪು ಕಾಲಿನದೋ, ಚಕ್ರದ್ದೋ?

ಉತ್ತರ (ಬಳ್ಳಾರಿ)
ಮೊದಲು ವೇಗ ನೋಡ್ರಿ. ಪೂರ್ತಿ ಫ್ಲ್ಯಾಪ್‌ಗೆ ಕೈಪಿಡಿಯಲ್ಲಿರುವುದು 60ರಿಂದ 70. ಹೆಚ್ಚಿನ ವೇಗದಲ್ಲಿ ರೆಕ್ಕೆ ಇನ್ನೂ ಭಾರ ಹೊತ್ತಿರುತ್ತದೆ, ಹಿಂದಿನ ಚಕ್ರಗಳಿಗೆ ಹಿಡಿತವಿಲ್ಲ. ಆಗ ಯೋಕ್ (ಕೈಯಲ್ಲಿ ಹಿಡಿಯುವ ಸ್ಟೀರಿಂಗ್) ಮುಂದೆ ಒತ್ತಿದರೆ ವಿಮಾನ ಒಂದೇ ಚಕ್ರದ ತಳ್ಳುಗಾಡಿ. ಥ್ರಾಟಲ್ ಪೂರ್ತಿ ಎಳೆಯಿರಿ, ಯೋಕ್ ಹಿಂದಕ್ಕೆ ಹಿಡಿದು ಮೂಗಿನ ಭಾರ ಇಳಿಸಿರಿ. ಅಡ್ಡಗಾಳಿಗೆ ಫ್ಲ್ಯಾಪ್ ಕಡಿಮೆ ಇದ್ದಷ್ಟೂ ಒಳ್ಳೆಯದು.

ನಮ್ಮ ಆಷಾಢದ ಪಡುವಣ ಗಾಳಿಗೆ ಆಣೆ ಲೆಕ್ಕ ಸಾಕು: ರನ್‌ವೇಗೆ 30 ಡಿಗ್ರಿ ಓರೆಯಿದ್ದರೆ ರೂಪಾಯಿಗೆ 8 ಆಣೆ ಅಡ್ಡ, 45ಕ್ಕೆ 11, 60ಕ್ಕೆ 14. ಅಂದರೆ 60 ಡಿಗ್ರಿಯ 16 ನಾಟ್ ಗಾಳಿಯಲ್ಲಿ ಅಡ್ಡಪಾಲು 14 ನಾಟ್. ಈ ವಿಮಾನದಲ್ಲಿ ಪರೀಕ್ಷಿಸಿ ತೋರಿಸಿದ್ದು 15 ಮಾತ್ರ.

ಉತ್ತರ (ರಾಯಚೂರು)
ವೇಗದ ಮಾತು ಸರಿ, ಆದರೆ ಬಲಕ್ಕೆ ಜಗ್ಗುವುದು ಕಾಲಿನಿಂದಲೇ. ಎಡಗಾಳಿಗೆ ಎಡ ರೆಕ್ಕೆ ತಗ್ಗಿಸಿ ಬಲ ಪೆಡಲ್ ಒತ್ತಿ ಇಳಿದಿರುತ್ತೀರಿ. ಗಾಳಿಯಲ್ಲಿ ಸ್ಟ್ರಟ್ (ಚಕ್ರ ಹೊತ್ತ, ಕುಗ್ಗಿ ಚಾಚುವ ಕಂಬ) ಚಾಚಿರುವವರೆಗೆ 172ರ ಮುಂದಿನ ಚಕ್ರ ನೇರವಾಗಿ ಲಾಕ್ ಆಗಿರುತ್ತದೆ. ಭಾರ ಬಿದ್ದು ಸ್ಟ್ರಟ್ ಕುಗ್ಗಿದ ಕ್ಷಣ ಪೆಡಲ್ ಹೇಳಿದ ಕಡೆ ತಿರುಗುತ್ತದೆ. ಹಾಗಾಗಿ ಚಕ್ರ ತಾಗುವ ಮುನ್ನ ಪೆಡಲ್ ನಡುವಿಗೆ ತನ್ನಿರಿ.

ಆಮೇಲೆ ಎಡಕ್ಕೆ ಓಡುವುದೇಕೆ? ಇಳಿದಾಯಿತೆಂದು ಕೈ ಸಡಿಲಿಸುತ್ತಾರೆ, ಎಡ ರೆಕ್ಕೆ ಏಳುತ್ತದೆ, ಬಾಲಕ್ಕೆ ಗಾಳಿ ಬಡಿದು ಮೂಗು ಗಾಳಿಯತ್ತ ಹೊರಳುತ್ತದೆ. ವೇಗ ಇಳಿದಂತೆ ಯೋಕನ್ನು ಗಾಳಿಯ ಕಡೆಗೆ ಹೆಚ್ಚೆಚ್ಚು ತಿರುಗಿಸುತ್ತ, ಕೊನೆಗೆ ಪೂರ್ತಿ ತಿರುಗಿಸಿ ಹಿಡಿಯಬೇಕು. ಹಿಮ್ಮಡಿ ನೆಲದ ಮೇಲಿರಲಿ. ಪಾದ ಮೇಲೇರಿದರೆ ಬೆರಳು ಒಂದೇ ಬದಿಯ ಬ್ರೇಕ್ ಒತ್ತಿಬಿಡುತ್ತದೆ.

ಮತ್ತೆ ಏರುವುದಾದರೆ ಮೊದಲ ಓಲಾಟಕ್ಕೇ ನಿರ್ಧರಿಸಿ. ಪೂರ್ತಿ ಪವರ್ ಕೊಟ್ಟಾಗ ಮೂಗು ಎಡಕ್ಕೇ ಎಳೆಯುತ್ತದೆ, ಬಲ ಪೆಡಲ್ ಸಿದ್ಧವಿರಲಿ. ವೇಗ ಸತ್ತು ಎಡ ಅಂಚಿನತ್ತ ಹೊರಟಿದ್ದರೆ ಪವರ್ ಕೊಡಲೇಬೇಡಿ.

ಉತ್ತರ (ಬಳ್ಳಾರಿ, ಮೆಕ್ಯಾನಿಕ್)
ಯಂತ್ರದ್ದೂ ನೋಡಿಬಿಡಿ. ಗಾಳಿಯಿಲ್ಲದ ಬೆಳಿಗ್ಗೆ ಪೆಡಲ್ ನಡುವಿಟ್ಟು ನಿಧಾನ ಟ್ಯಾಕ್ಸಿ ಮಾಡಿ. ಒಂದೇ ಕಡೆ ಎಳೆದರೆ ಎರಡೂ ಬದಿಯ ಟೈರ್ ಒತ್ತಡ ಅಳೆಯಿರಿ. ನಿಂತ ಮೇಲೆ ಬ್ರೇಕ್ ಡಿಸ್ಕ್ ಬಳಿ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆ ಕಾವು ಹೆಚ್ಚಿದ್ದರೆ ಆ ಬ್ರೇಕ್ ಕಚ್ಚಿಕೊಂಡಿದೆ. ಪೆಡಲ್ ಗಡಗಡ ನಡುಗಿದರೆ ಅದು ಶಿಮ್ಮಿ, ಬೇರೆ ರೋಗ: ಮುಂದಿನ ಚಕ್ರದ ಡ್ಯಾಂಪರ್‌ನಲ್ಲಿ (ನಡುಕ ತಡೆಯುವ ಭಾಗ) ಎಣ್ಣೆ ಸೋರಿದೆಯೇ, ಟಾರ್ಕ್ ಲಿಂಕ್ (ಸ್ಟ್ರಟ್‌ನ ಮೇಲಿನ, ಕೆಳಗಿನ ಭಾಗ ಜೋಡಿಸುವ ಕೀಲು) ಬುಷ್ ಸವೆದಿದೆಯೇ ನೋಡಿಸಿ.