ಪದಚರ್ಚೆ: ತಮ್ಮನಿಗೆ ಕಡಿಮೆ ಬಾಡಿಗೆಗೆ ಕೊಟ್ಟ ಮನೆ – ‘ನ್ಯಾಯಯುತ ಬಾಡಿಗೆ’ ಸರಿಯೇ?

ಪ್ರಶ್ನೆ: ಆದಾಯ ತೆರಿಗೆಯ ‘ಫೇರ್ ರೆಂಟ್’ಗೆ ‘ನ್ಯಾಯಯುತ ಬಾಡಿಗೆ’ ಎನ್ನಬಹುದೇ? ತಿಂಗಳಿಗೆ 25,000 ಬರುವ ಮನೆಯನ್ನು ಒಡಹುಟ್ಟಿದ ತಮ್ಮನಿಗೆ 8,000ಕ್ಕೆ ಕೊಟ್ಟರೆ, ಅದೂ ನ್ಯಾಯವೇ ಅಲ್ಲವೇ?

ಉತ್ತರ: ಆ ಅನುವಾದ ಬೇಡ. ‘ನ್ಯಾಯ’ ಎಂದೊಡನೆ ಕೊಡುವವರ, ಕೊಳ್ಳುವವರ ಸಂಬಂಧ ನೆನಪಾಗುತ್ತದೆ. ಕಾನೂನು ನೋಡುವುದು ಮನೆಯನ್ನು, ಬಾಡಿಗೆದಾರನನ್ನಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 23ನೇ ಕಲಮು ಕೇಳುತ್ತಿದ್ದುದು ಇಷ್ಟೇ: ಈ ಮನೆಯನ್ನು ವರ್ಷದಿಂದ ವರ್ಷಕ್ಕೆ ಬಾಡಿಗೆಗೆ ಬಿಟ್ಟರೆ ಎಷ್ಟು ಬಂದೀತು? ಹಾಗಾಗಿ ‘ಬರಬಹುದಾದ ಬಾಡಿಗೆ’ ಎಂದರೆ ಸಾಕು. ಏಪ್ರಿಲ್ 2026ರಿಂದ ಜಾರಿಯಾದ 2025ರ ಕಾಯ್ದೆಯಲ್ಲೂ ತಿರುಳು ಇದೇ. ಅಣ್ಣ, ತಂಗಿ, ನೆಂಟ ಎಂಬ ಮಾತು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಲೆಕ್ಕ ಹೀಗೆ. ನಗರಸಭೆಯ ದಾಖಲೆಯಲ್ಲಿ ಮನೆಗೆ ಗೊತ್ತುಮಾಡಿದ ವಾರ್ಷಿಕ ಬಾಡಿಗೆ ಮೌಲ್ಯ, ಅಕ್ಕಪಕ್ಕದ ಅಂಥದ್ದೇ ಮನೆಗಳ ಬಾಡಿಗೆ – ಎರಡರಲ್ಲಿ ಹೆಚ್ಚಿನದು ‘ಬರಬಹುದಾದ ಬಾಡಿಗೆ’. ಬಾಡಿಗೆ ನಿಯಂತ್ರಣ ಕಾನೂನು ಅನ್ವಯಿಸುವ ಮನೆಯಾದರೆ ಆ ಕಾನೂನಿನ ಬಾಡಿಗೆಯನ್ನು ಅದು ಮೀರುವಂತಿಲ್ಲ. ಇದನ್ನು ಕೈಗೆ ಬಂದ ಬಾಡಿಗೆಯೊಂದಿಗೆ ಹೋಲಿಸಿ, ಮತ್ತೆ ಹೆಚ್ಚಿನದನ್ನೇ ಹಿಡಿಯಬೇಕು. ನಗರಸಭೆಯ ಮೌಲ್ಯ 1,80,000, ಪಕ್ಕದ ಮನೆಗಳ ಬಾಡಿಗೆ ವರ್ಷಕ್ಕೆ 3,00,000, ತಮ್ಮ ಕೊಟ್ಟದ್ದು 96,000 ಎಂದಿಟ್ಟುಕೊಳ್ಳಿ. ಹಿಡಿಯಬೇಕಾದ್ದು 3,00,000. ಮನೆ ಕಂದಾಯ 6,000 ಕಳೆದರೆ 2,94,000. ರಿಪೇರಿ ಮುಂತಾದ ಖರ್ಚಿಗೆಂದು ಕಾನೂನೇ ಬಿಡುವ ಅದರ ಶೇ 30, ಅಂದರೆ 88,200 ಕಳೆದರೆ ತೆರಿಗೆಗೆ ತೋರಿಸಬೇಕಾದ ಆದಾಯ 2,05,800. ಬಂದ 96,000ದ ಮೇಲೇ ಲೆಕ್ಕ ಹಾಕಿದವರು 63,000 ತೋರಿಸಿರುತ್ತಾರೆ. ನೋಟಿಸು ಬಂದರೆ ವಿಚಾರಣೆ ನಡೆಯುವುದು ನಡುವಿನ 1,42,800ರ ಬಗ್ಗೆ.

ತಪ್ಪು ಹುಟ್ಟುವುದು ಆದಾಯ ತೆರಿಗೆ ರಿಟರ್ನ್ ಫಾರಂನಲ್ಲೇ. ಅಲ್ಲಿ ಬಂದ ಬಾಡಿಗೆ, ಬರಬೇಕಾದ ಬಾಡಿಗೆ, ‘ಲೆಟಬಲ್ ವ್ಯಾಲ್ಯೂ’ (ನಮ್ಮ ‘ಬರಬಹುದಾದ ಬಾಡಿಗೆ’) ಮೂರಕ್ಕೂ ಒಂದೇ ಖಾನೆ. ಓದುವವರು ಮೊದಲ ಪದಕ್ಕೇ ನಿಂತುಬಿಡುತ್ತಾರೆ. ಇನ್ನೊಂದು ಎಡವಟ್ಟು ಕಂದಾಯದ್ದು: ಮಾಲೀಕರು ಆ ವರ್ಷ ತಾವೇ ಕಟ್ಟಿದ್ದರೆ ಮಾತ್ರ ಕಳೆಯಬಹುದು, ತಮ್ಮ ಕಟ್ಟಿದ್ದರೆ ಇಲ್ಲ. ರಿಪೇರಿ, ಸುಣ್ಣಬಣ್ಣದ ಬಿಲ್ಲು ಬೇರೆ ಲೆಕ್ಕಕ್ಕಿಲ್ಲ. ಅದೆಲ್ಲ ಶೇ 30ರೊಳಗೇ. ಖಾಲಿ ಬಿದ್ದ ತಿಂಗಳುಗಳಿಗೆ ರಿಯಾಯಿತಿ ಇದೆಯಾದರೂ, ಬಾಡಿಗೆ ಕಮ್ಮಿಯಾದದ್ದು ಪ್ರೀತಿಯಿಂದ ಎಂದರೆ ಅದು ಸಿಗದು.

ಪಕ್ಕದ ಮನೆಗೆ ಹೋಲಿಸುವಾಗ ಅಂತಸ್ತು, ಚದರಡಿ, ಲಿಫ್ಟು, ಕಾರು ನಿಲ್ಲಿಸುವ ಜಾಗ, ನೀರಿನ ಸ್ಥಿತಿ, ಕಟ್ಟಡದ ವಯಸ್ಸು ಇವನ್ನು ಬರೆದಿಟ್ಟುಕೊಳ್ಳಬೇಕು. ಓಣಿಯೊಳಗಿನ ಹಳೇ ಮನೆಗೆ ಮುಖ್ಯರಸ್ತೆಯ ಹೊಸ ಫ್ಲ್ಯಾಟಿನ ದರ ಒಪ್ಪಿಕೊಳ್ಳಬೇಕಿಲ್ಲ. ಎರಡು ಮೂರು ಕರಾರು ಪತ್ರಗಳ ಪ್ರತಿ ಇದ್ದರೆ ವಾದಕ್ಕೆ ಗಟ್ಟಿ.

‘ಹೆಸರಿಗೆ ಒಂದಿಷ್ಟು ಬಾಡಿಗೆ’ ಎಂಬ ಮಾತೂ ಅಪಾಯದ್ದು. ಮಾಲೀಕರು ಸ್ವಂತ ವಾಸಕ್ಕೆ ಇಟ್ಟುಕೊಂಡ ಎರಡು ಮನೆಗಳವರೆಗೆ ವಾರ್ಷಿಕ ಮೌಲ್ಯ (ತೆರಿಗೆ ಲೆಕ್ಕಕ್ಕೆ ಹಿಡಿಯುವ ಮೊತ್ತ) ಸೊನ್ನೆ ಎನಿಸಬಹುದು. ಆದರೆ ಆ ವರ್ಷ ಮನೆಯನ್ನು ಬಾಡಿಗೆಗೆ ಬಿಟ್ಟಿದ್ದರೆ ಆ ಅನುಕೂಲ ಇಲ್ಲ. ಸಾವಿರ ರೂಪಾಯಿ ಪಡೆದರೂ ಅದು ಬಾಡಿಗೆಗೆ ಬಿಟ್ಟ ಮನೆಯೇ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ‘ಲೀಸ್’ ಅಥವಾ ‘ಭೋಗ್ಯ’ ಎಂದರೆ ನಮ್ಮಲ್ಲಿ ದೊಡ್ಡ ಮೊತ್ತವನ್ನು ಠೇವಣಿಯಾಗಿ ಇಟ್ಟುಕೊಂಡು ತಿಂಗಳ ಬಾಡಿಗೆ ಪಡೆಯದಿರುವುದು. ಕಾನೂನಿನ ‘ಲೀಸ್’ಗೆ ಆ ಅರ್ಥವಿಲ್ಲ. ಆ ಠೇವಣಿಗೆ ಬಡ್ಡಿ ಊಹಿಸಿ ಬಾಡಿಗೆಗೆ ಸೇರಿಸಬಾರದು ಎಂದು ದೆಹಲಿ ಹೈಕೋರ್ಟಿನ ಪೂರ್ಣಪೀಠ 2011ರಲ್ಲಿ, ಮೋನಿ ಕುಮಾರ್ ಸುಬ್ಬಾ ಪ್ರಕರಣದಲ್ಲಿ ಹೇಳಿದೆ. ಆದರೆ ಬಂದ ಬಾಡಿಗೆ ಸೊನ್ನೆಯಾದರೂ ಬರಬಹುದಾದ ಬಾಡಿಗೆ ಹಾಗೇ ಉಳಿಯುತ್ತದೆ. ಭೋಗ್ಯಕ್ಕೆ ಪಡೆದವನು ತಮ್ಮನೇ ಆಗಲಿ, ಪರಸ್ಥಳದವನೇ ಆಗಲಿ.